ಬೀಗದಕ್ಕನ ಅತ್ತೆ

ನನ್ನ ಸೊಸೆಯನ್ನು ಇನ್ನೂರು ಜನ ಕಳ್ಳಿ ಎಂದರು. ಅವಳು ಕದ್ದಿರಲಿಲ್ಲ. ಅವಳಿಗೆ ಆ ಹೆಸರು ಬರಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ನನಗಿಲ್ಲ, ಇದ್ದಿದ್ದರೆ ಇಷ್ಟು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡುವುದೂ ಆಗುತ್ತಿರಲಿಲ್ಲ.

ನಮ್ಮದು ಮೂರನೇ ಮಹಡಿಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಲು ಒಂದು ಮೊಳ ಅಗಲದ ಬಾಲ್ಕನಿ. ಮಗ ಲಿಫ್ಟ್ ಮೆಕ್ಯಾನಿಕ್. ಊರವರ ಲಿಫ್ಟೆಲ್ಲ ಸರಿಮಾಡಿ, ಸಂಜೆ ಲಿಫ್ಟಿಲ್ಲದ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಬರುತ್ತಾನೆ. ಮೊಮ್ಮಗಳಿಗೆ ಒಂಬತ್ತು ವರ್ಷ, ನಾವು ಅವಳನ್ನು ಮೆಣಸಿನಕಾಯಿ ಅನ್ನುತ್ತೇವೆ; ಒಂದು ಸಲ ಮಾತಾಡಿಸಿದರೆ ಯಾಕೆಂದು ಗೊತ್ತಾಗುತ್ತದೆ. ನಾನು ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದವಳು. ಸೊಸೆ ಒಂದು ಪಾರ್ಸಲ್ ಕಂಪನಿಯಲ್ಲಿದ್ದಳು. ಯಾವ ಲಾರಿ ಏನು ಹೊತ್ತು ಯಾವ ದಾರಿಯಲ್ಲಿ ಹೋಗಬೇಕು ಎಂದು ಗೊತ್ತುಮಾಡುವುದು ಅವಳ ಕೆಲಸ. ಇನ್ನು ಮೇಲೆ ಅದನ್ನು ಕಂಪ್ಯೂಟರೇ ಮಾಡುತ್ತದೆ ಎಂದು ಒಂಬತ್ತು ಜನರನ್ನು ಒಂದೇ ಮಧ್ಯಾಹ್ನ ಮನೆಗೆ ಕಳಿಸಿದರು. ಅವಳು ತನ್ನ ಚಹಾದ ಲೋಟ, ಒಂದು ಜೊತೆ ಚಪ್ಪಲಿ ಬ್ಯಾಗಿಗೆ ಹಾಕಿಕೊಂಡು ಬಂದಳು.

ಮೊದಲ ತಿಂಗಳು ಅರ್ಜಿ ಹಾಕಿದಳು. ಆಮೇಲೂ ಹಾಕಿದಳು. ನಡುವೆ ಹೊತ್ತು ಹೋಗಲಿ ಎಂದು ಕಂಪ್ಯೂಟರಿನಲ್ಲಿ ಒಂದು ಆಟ ಶುರುಮಾಡಿದಳು. ಸುಮ್ಮನೆ ಗುಂಡು ಹಾರಿಸುವ ಆಟವಾಗಿದ್ದರೆ ವಾರದಲ್ಲಿ ಬೇಜಾರಾಗಿ ಬಿಡುತ್ತಿದ್ದಳೋ ಏನೋ. ಇದು ಅಂಥದ್ದಲ್ಲ. ಒಂದು ದೊಡ್ಡ ನೆಲ, ಹೊಳೆ, ಗುಡ್ಡ, ಕಾಡು. ಎಲ್ಲೆಲ್ಲಿಂದಲೋ ಸಾವಿರಾರು ಜನ ಅವರವರ ಮನೆಯಲ್ಲಿ ಕೂತು ಅದರೊಳಗೆ ಬದುಕುತ್ತಾರೆ. ಹೀಗೇ ಆಡು ಎಂದು ಹೇಳುವವರಿಲ್ಲ. ಮೀನು ಹಿಡಿಯುತ್ತೀಯಾ, ಹಿಡಿ. ಮನೆ ಕಟ್ಟುತ್ತೀಯಾ, ಕಟ್ಟು. ಇನ್ನೊಬ್ಬರ ಮನೆ ಸುಡುತ್ತೀಯಾ, ಅದಕ್ಕೂ ಅಡ್ಡಿಯಿಲ್ಲ. ನನ್ನ ಸೊಸೆ ಸೇರಿದ್ದು ಗುಡ್ಡದ ಮೇಲಿನ ಒಂದು ಊರಿಗೆ. ಇನ್ನೂರು ಜನ ಮೂರು ವರ್ಷ ಕಲ್ಲು ಹೊತ್ತು ಕಟ್ಟಿದ ಊರಂತೆ. ಇವಳು ಹೋದ ಮೂರೇ ತಿಂಗಳಲ್ಲಿ ಉಗ್ರಾಣವನ್ನೂ ಊರ ಬಾಗಿಲನ್ನೂ ಇವಳ ಕೈಗೆ ಕೊಟ್ಟರು. ಅಲ್ಲಿ ಅವಳ ಹೆಸರು ಬೀಗದಕ್ಕ.

ಮಗನಿಗೆ ಇದು ಕಣ್ಣಿಗೆ ಬಿದ್ದ ಕಸ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು.

"ಇಲ್ದಿರೋ ಊರಿಗೆ ಕಾವಲು ಕಾಯ್ತಾಳೆ. ಇರೋ ಮನೇಲಿ ಉಪ್ಪಿಲ್ಲ," ಎಂದ ಒಂದು ದಿನ.

"ಉಪ್ಪು ಎರಡನೇ ಡಬ್ಬೀಲಿದೆ. ಎದ್ದು ನೋಡೋರಿಗೆ ಕಾಣುತ್ತೆ," ಎಂದಳು ಅವಳು, ತಟ್ಟೆಯಿಂದ ತಲೆ ಎತ್ತದೆ.

ನಾನು ಮಗನ ಪಕ್ಷ. ಸುಳ್ಳು ಯಾಕೆ ಹೇಳಲಿ. ಮನೆಗೆಲಸ ಅವಳು ಬಿಟ್ಟಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಬಿಟ್ಟಿದ್ದರೆ ಬೈಯಲು ಒಂದು ನೆಪವಾದರೂ ಸಿಗುತ್ತಿತ್ತು. ಬೆಳಿಗ್ಗೆ ಅಡುಗೆ, ಬಟ್ಟೆ, ಹುಡುಗಿಯ ಡಬ್ಬಿ ಎಲ್ಲ ಮುಗಿಸಿ ಹನ್ನೊಂದಕ್ಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಮೂರೂವರೆಗೆ ಏಳುತ್ತಿದ್ದಳು. ಒಂದು ಸಲ ತಡೆಯಲಾರದೆ, ಈ ಆಟ ಮುಗಿಯುವುದು ಯಾವಾಗ ಎಂದು ಕೇಳಿದೆ. ಮುಗಿಯುವುದಿಲ್ಲ ಎಂದಳು. ಗೆಲ್ಲುವವರು ಯಾರು ಎಂದೆ. ಯಾರೂ ಗೆಲ್ಲುವುದಿಲ್ಲ ಎಂದಳು.

"ಮತ್ತೆ ಯಾಕೆ ಆಡ್ತೀಯ?"

"ನೀವು ದಿನಾ ಪಾತ್ರೆ ತೊಳೀತೀರಲ್ಲ ಅತ್ತೆ, ಯಾವತ್ತು ಮುಗೀತು?"

ಅವತ್ತಿನಿಂದ ತರಕಾರಿ ತಟ್ಟೆ ತಂದು ಅವಳ ಪಕ್ಕದ ಸ್ಟೂಲಿನಲ್ಲೇ ಕೂತು ಹೆಚ್ಚತೊಡಗಿದೆ. ಪರದೆಯ ಮೇಲೆ ಏನಿದೆಯೋ ನೋಡೋಣ ಎಂದು, ಬೇರೇನಿಲ್ಲ.

ಏನಿತ್ತು ಎಂದರೆ ಕೆಲಸ ಇತ್ತು. ಇನ್ನೂರು ಜನಕ್ಕೆ ಗೋಧಿ ಎಷ್ಟು ದಿನಕ್ಕಾಗುತ್ತದೆ, ಹಿಮ ಬಿದ್ದು ಕಣಿವೆಯ ದಾರಿ ಮುಚ್ಚುವ ಮೊದಲು ಉಪ್ಪು ಎಷ್ಟು ಗಾಡಿ ಬರಬೇಕು, ಯಾವ ಬಾವಿ ಬತ್ತಿದೆ, ಯಾರ ಮನೆಯ ಸೂರು ಸೋರುತ್ತಿದೆ. ಅವಳು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಬರೆದುಕೊಳ್ಳುತ್ತಿದ್ದಳು. ಒಂದು ತಪ್ಪಿದರೆ ಇನ್ನೊಂದು ತಪ್ಪುತ್ತಿತ್ತು. ಕೊಡಲಿ ಮಾಡಲು ಕಬ್ಬಿಣ ಬೇಕು, ಕಬ್ಬಿಣ ಕಾಯಿಸಲು ಸೌದೆ ಬೇಕು, ಸೌದೆ ಕಡಿಯಲು ಕೊಡಲಿ ಬೇಕು. ನೋಡಿದರೆ ನನಗೇ ತಲೆ ಸುತ್ತುತ್ತಿತ್ತು. ಅವಳು ಮಾತ್ರ ಕಂಪನಿಯಲ್ಲಿ ಲಾರಿಗಳಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ, ನೀನು ಈ ದಾರಿ ಹಿಡಿ, ನೀನು ಸೇತುವೆ ಹತ್ತಿರ ಕಾಯಿ ಎನ್ನುತ್ತಿದ್ದಳು. ಆ ಕಡೆಯಿಂದ ಸರಿ ಅಕ್ಕ, ಆಯ್ತಕ್ಕ ಎಂದು ಉತ್ತರ ಬರುತ್ತಿತ್ತು.

ಆ ದನಿಗಳೂ ನನಗೆ ಗುರುತಾದವು. ಊರಿಗೆ ಹಿರಿಯ ಎಂದರೆ ಮೇಷ್ಟ್ರು, ನಿಜವಾಗಿಯೂ ಎಲ್ಲೋ ಲೆಕ್ಕ ಕಲಿಸುವವರು. ಬೇಕರಿಯವನೊಬ್ಬ ಇದ್ದ, ಅವನ ಹಿಂದೆ ಸದಾ ತಟ್ಟೆಗಳ ಸದ್ದು. ಎರಡನೇ ವಾರಕ್ಕೆ ನಾನು, ಬೇಕರಿಯವನ ಜ್ವರ ಹೇಗಿದೆಯಂತೆ ಎಂದು ಕೇಳುವಷ್ಟಾಗಿದ್ದೆ. ಗೋಧಿ ಗಾಡಿ ಬಂತಾ ಎಂದು ಒಲೆಯ ಮುಂದಿನಿಂದಲೇ ಕೂಗಿದೆ ಒಂದು ದಿನ. ಮಗ ಕೇಳಿಸಿಕೊಂಡು, "ಅಮ್ಮ, ನೀನೂನಾ?" ಎಂದ. ಸುಮ್ಮನಿರೋ ಎಂದೆ. ಅವಳು ಕೆಲಸ ಹೋಗಿ ಮನೆಯಲ್ಲಿ ಕೂತ ಎಂಟು ತಿಂಗಳಲ್ಲಿ ಅತ್ತೆ ಸೊಸೆ ಆಡದಷ್ಟು ಮಾತು ಆ ಎರಡು ವಾರದಲ್ಲಿ ಆಡಿದ್ದೆವು.

ಒಂದು ಸೋಮವಾರ ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಮೆಣಸಿನಕಾಯಿ ಮೆಟ್ಟಿಲಲ್ಲಿ ಬಿದ್ದು ಗಲ್ಲ ಒಡೆದುಕೊಂಡಿದ್ದಾಳೆ, ಹೊಲಿಗೆ ಹಾಕಿಸಬೇಕು, ಬೇಗ ಬನ್ನಿ. ಸೊಸೆ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು. ಎದ್ದು ಹೋಗುವಾಗಲೆಲ್ಲ ಅವಳು ಏನೇನೋ ಒತ್ತಿ, ಗುಟ್ಟಿನ ಪದ ಬರೆದು, ಬಾಗಿಲ ಬೀಗ ಭದ್ರ ಮಾಡಿಯೇ ಏಳುವವಳು. ಅವತ್ತು ಮಾಡಲಿಲ್ಲ.

"ಅತ್ತೆ, ಪರದೆ ಕಡೆ ಒಂಚೂರು ನೋಡ್ಕೊಳ್ಳಿ. ಬಂದೆ," ಎಂದವಳೇ ಕೈಗೆ ಸಿಕ್ಕ ಚಪ್ಪಲಿ ಮೆಟ್ಟಿ ಓಡಿದಳು.

ನೋಡಿಕೊಳ್ಳಿ ಎಂದಳಲ್ಲ, ನೋಡಿಕೊಂಡು ಕೂತೆ. ಆ ಹೊತ್ತಿಗೆ ಊರವರೆಲ್ಲ ತಮ್ಮ ತಮ್ಮ ನಿಜವಾದ ಕೆಲಸಗಳಲ್ಲಿ ಇರುತ್ತಾರೆ. ಆಟದೊಳಗೆ ಕತ್ತಲಾಗುತ್ತಿತ್ತು. ಊರ ಬಾಗಿಲ ಹೊರಗೆ ಒಬ್ಬ ಬಂದು ನಿಂತ. ಮೇಜಿನ ಮೇಲೆ ಬಿದ್ದಿದ್ದ ಹೆಡ್‌ಫೋನಿನಿಂದ ಸಣ್ಣಗೆ ದನಿ ಬಂತು. ಅಕ್ಕಾ, ಬಾಗಿಲು ತೆಗೀರಿ ಅನ್ನುತ್ತಿತ್ತು. ಎತ್ತಿ ಕಿವಿಗೆ ಇಟ್ಟುಕೊಂಡೆ. ಅಕ್ಕ ಇಲ್ಲಪ್ಪ, ಆಮೇಲೆ ಬಾ ಎಂದೆ.

"ನೀವಾದ್ರೂ ತೆಗೀರಮ್ಮ. ಗಾಡಿ ಮುರೀತು, ಜೊತೇಲಿದ್ದೋರು ಸತ್ತೋದ್ರು. ಹಿಂದೆ ತೋಳ ಬರ್ತಿವೆ."

ಎಳೆಯ ದನಿ, ಏದುಸಿರು. ವಾರ್ಡಿನಲ್ಲಿ ಭೇಟಿಯ ಹೊತ್ತು ಮುಗಿದ ಮೇಲೆ ಗಂಡಸರನ್ನು ಒಳಗೆ ಬಿಡಬಾರದು ಎಂದು ಬೋರ್ಡು ಇತ್ತು. ಇಪ್ಪತ್ತಾರು ವರ್ಷ ಆ ಬೋರ್ಡಿನ ಕೆಳಗೇ ನಿಂತು, ಮಗು ಹುಟ್ಟಿದ ಸುದ್ದಿ ಕೇಳಿ ಎಲ್ಲಿಂದಲೋ ಓಡಿಬಂದ ಗಂಡಸರನ್ನು ನಾನು ಹಿಂದಿನ ಬಾಗಿಲಿಂದ ಬಿಟ್ಟಿದ್ದೇನೆ. ಸಿಸ್ಟರ್ ಹತ್ತಿರ ಬೈಸಿಕೊಂಡಿದ್ದೇನೆ. ಬಾಗಿಲಿಗೆ ಬಂದವನನ್ನು ಹಾಗೇ ಕಳಿಸಿ ನನಗೆ ಗೊತ್ತಿಲ್ಲ. ಬಾಗಿಲು ತೆಗೆಯಲು ಅವಳು ಯಾವುದನ್ನು ಒತ್ತುತ್ತಾಳೆಂದು ನೂರು ಸಲ ನೋಡಿದ್ದೆ. ಒತ್ತಿದೆ.

ಪುಣ್ಯ ಬರುತ್ತೆ ಅಮ್ಮ ಎಂದ ಅವನು. ಒಳಗೆ ಬಂದವನು ಬಾಗಿಲು ಮುಚ್ಚದ ಹಾಗೆ ಅಡ್ಡ ನಿಂತ. ಮರಗಳ ಹಿಂದಿನಿಂದ ಇನ್ನೊಬ್ಬ ಬಂದ. ಜೊತೆಯವರು ಬದುಕಿದ್ದಾರಲ್ಲ, ಪಾಪ ಎಂದುಕೊಂಡೆ. ನೋಡಿದರೆ ಹತ್ತು, ಇಪ್ಪತ್ತು, ನಲವತ್ತು ಜನ, ಎಲ್ಲರ ಕೈಯಲ್ಲೂ ಪಂಜು. ಇವರಿಗೆ ಹಗೆಯಾದ ಹೊಳೆಯಾಚೆಯ ಊರಿನವರು. ಉಗ್ರಾಣದ ಸೂರಿಗೆ ಬೆಂಕಿ ಹತ್ತಿತು. ನಾನು ಸಿಕ್ಕಸಿಕ್ಕದ್ದನ್ನು ಒತ್ತಿದೆ, ಏನೂ ಆಗಲಿಲ್ಲ. ಕೊನೆಗೆ ಬಾಲ್ಕನಿಯಿಂದ ಒಂದು ಟವೆಲ್ ತಂದು ಪರದೆಯ ಮೇಲೆ ಹೊದಿಸಿ ಅಡುಗೆಮನೆಗೆ ಹೋಗಿ ನಿಂತೆ.

ಗಲ್ಲಕ್ಕೆ ಬ್ಯಾಂಡೇಜ್ ಹಾಕಿಸಿಕೊಂಡ ಮಗಳನ್ನು ಮಲಗಿಸಿ ಸೊಸೆ ಆ ಟವೆಲ್ ಎತ್ತಿದಳು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, ಯಾರಾದರೂ ಮಾತಾಡಿಸಿದರಾ ಎಂದು ಮೆಲ್ಲಗೆ ಕೇಳಿದಳು.

"ನಂಗೇನು ಗೊತ್ತು. ನಾನು ಆ ಕಡೆ ತಿರುಗೂ ನೋಡಿಲ್ಲ," ಎಂದೆ.

ಅರವತ್ತೆಂಟು ವರ್ಷದ ಹೆಂಗಸು ನಾನು. ಹೇಗೆ ಆ ಮಾತು ಬಾಯಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ಅವಳು ಮತ್ತೆ ಕೇಳಲಿಲ್ಲ.

ಅಲ್ಲಿಂದ ಇಪ್ಪತ್ತು ದಿನ. ನೋಟ್‌ಬುಕ್ ಮುಚ್ಚಿತು. ಹನ್ನೊಂದು ಗಂಟೆಗೆ ಅವಳು ಇಸ್ತ್ರಿಪೆಟ್ಟಿಗೆ ಹಿಡಿದು ನಿಲ್ಲುತ್ತಿದ್ದಳು. ಮನೆಯಲ್ಲಿ ಇದ್ದ ಬಟ್ಟೆಯೆಲ್ಲ ಮುಗಿಯಿತು, ಕರವಸ್ತ್ರ ಮುಗಿಯಿತು, ಕಿಟಕಿ ಪರದೆ ಬಿಚ್ಚಿ ಅದಕ್ಕೂ ಹಾಕಿದಳು. ಊಟಕ್ಕೆ ಕೂತರೆ ನಾಲ್ಕು ತುತ್ತು ಕಲಸಿ ಎದ್ದುಬಿಡುತ್ತಿದ್ದಳು. ಮಗನಿಗೆ ಖುಷಿಯೋ ಖುಷಿ. ಅಂತೂ ಹೆಂಡತಿಗೆ ಬುದ್ಧಿ ಬಂತು ಎಂದು ಹಣ್ಣು ತಂದ, ಐಸ್‌ಕ್ರೀಮ್ ತಂದ. ಅವಳು ಥ್ಯಾಂಕ್ಸ್ ಎಂದು ಫ್ರಿಜ್ಜಿನಲ್ಲಿಟ್ಟಳು. ಅದು ಅಲ್ಲೇ ಗಟ್ಟಿಯಾಗಿ ಕೂತಿತ್ತು.

ಒಂದು ಮಧ್ಯಾಹ್ನ ಅವಳು ಪರದೆಯ ಮುಂದೆ ಕೂತಿದ್ದನ್ನು ಕಂಡೆ. ದನಿ ನಿಲ್ಲಿಸಿದ್ದಳು. ಸಾಲು ಸಾಲಾಗಿ ಯಾರು ಯಾರೋ ಬರೆದಿದ್ದನ್ನು ಓದುತ್ತಿದ್ದಳು. ನನಗೆ ಕನ್ನಡಕ ಬೇಕಾಗಲಿಲ್ಲ. ದೊಡ್ಡ ಅಕ್ಷರದಲ್ಲೇ ಇತ್ತು. ಊರನ್ನು ಎಷ್ಟಕ್ಕೆ ಮಾರಿದೆ ಬೀಗದಕ್ಕ, ಕಳ್ಳಿ. ಹಿಂದಿನ ತಿಂಗಳು ಜ್ವರದಲ್ಲಿದ್ದಾಗ ಇವಳು ದಿನಾ ವಿಚಾರಿಸುತ್ತಿದ್ದ ಆ ಬೇಕರಿಯವನೇ ಹಾಗೆ ಬರೆದಿದ್ದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಂದೂ ಅದೇ ಪಾಡಾಯಿತು. ಮಗ ಆಫೀಸಿನ ಯಾವುದೋ ಕಳ್ಳತನದ ಸುದ್ದಿ ಹೇಳಿದರೆ ನನ್ನ ಕೈಯಿಂದ ಸೌಟು ಬೀಳುತ್ತಿತ್ತು. ಬಾಲ್ಕನಿಯಲ್ಲಿ ಬಟ್ಟೆ ಹರಡುವಾಗ ಒಂದು ಸಲ, ನೋಡಮ್ಮ ಎಂದು ಶುರುಮಾಡಿದೆ. ಅವಳು ತಿರುಗಿ ನೋಡಿದಳು, ಕಣ್ಣ ಕೆಳಗೆ ಕಪ್ಪು. ಕ್ಲಿಪ್ಪು ಕೊಡು ಎಂದು ಮಾತು ಮುಗಿಸಿದೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಇಲ್ಲದ ಊರು ಸುಟ್ಟರೆ ಏನಂತೆ ಎಂದು ನನಗೇ ನಾನು ಹೇಳಿಕೊಂಡೆ. ಊರು ಇಲ್ಲದ್ದು, ಸರಿ. ಆದರೆ ಅವಳ ತಟ್ಟೆಯಲ್ಲಿ ಮಿಗುತ್ತಿದ್ದ ಊಟ ಇಲ್ಲದ್ದಲ್ಲವಲ್ಲ.

ಶನಿವಾರ ಮೆಣಸಿನಕಾಯಿಗೆ ಜಡೆ ಹಾಕುತ್ತಿದ್ದೆ. ನಾಳೆ ಅಮ್ಮನ ಪಂಚಾಯ್ತಿ ಎಂದಳು. ಹನ್ನೊಂದು ಗಂಟೆಗೆ ಊರವರೆಲ್ಲ ಸೇರುತ್ತಾರಂತೆ. ಊರ ಬಾಗಿಲ ಕಲ್ಲಿನ ಮೇಲೆ ಬೀಗದಕ್ಕ ದ್ರೋಹಿ ಎಂದು ಕೆತ್ತುತ್ತಾರಂತೆ. ಯಾವತ್ತೂ ಅಳಿಸುವುದಿಲ್ಲವಂತೆ, ಹೊಸದಾಗಿ ಬಂದವರೆಲ್ಲ ಓದಿಕೊಂಡೇ ಒಳಗೆ ಬರಬೇಕಂತೆ.

"ನಿಮ್ಮಮ್ಮ ಏನು ಹೇಳಿದ್ಲು ಅವರಿಗೆ?"

"ಕೈ ತಪ್ಪಿ ಒತ್ತಿಬಿಟ್ಟೆ ಅಂದ್ಲಂತೆ. ಯಾರೂ ನಂಬ್ತಿಲ್ಲ. ಬೀಗದಕ್ಕನ ಕೈ ತಪ್ಪಲ್ಲ, ಯಾರ ಹತ್ರಾನೋ ಏನೋ ತಗೊಂಡಿದಾಳೆ ಅಂತಾರೆ."

ಬೇರೆ ಯಾರೋ ಒತ್ತಿದರು ಎಂದು ಹೇಳಬಾರದಾಗಿತ್ತಾ ಎಂದು ಕೇಳಿದೆ. ಹಾಗೆ ಹೇಳಿದರೆ ಇನ್ನೂ ಕಷ್ಟ ಎಂದಳು ಹುಡುಗಿ. ಬೀಗದ ಕುರ್ಚಿಯನ್ನು, ಅಂದರೆ ಬೀಗ ಕಾಯುವವರ ಜಾಗವನ್ನು, ಹೊರಗಿನವರಿಗೆ ಬಿಟ್ಟುಕೊಟ್ಟವರು ಊರಿಂದಲೇ ಹೊರಗೆ, ಮತ್ತೆ ಯಾವತ್ತೂ ಕಾಲಿಡುವ ಹಾಗಿಲ್ಲ. ಗಂಡನಿಗೂ ಕೊಡಬಾರದು, ಮಕ್ಕಳಿಗೂ ಕೊಡಬಾರದು.

"ಯಾವ ಪುಣ್ಯಾತ್ಮ ಮಾಡಿದ ಕಾನೂನು ಅದು?"

"ಅಮ್ಮಾನೇ."

ಆ ರಾತ್ರಿ ನಾನು ಮಲಗಿದ್ದು ಹೌದು, ನಿದ್ದೆ ಮಾಡಿದ್ದು ಇಲ್ಲ. ಬೆಳಗಿನ ಹೊತ್ತಿಗೆ ಒಂದು ದಾರಿ ಹೊಳೆಯಿತು. ಕುರ್ಚಿ ಅವಳು ಬಿಟ್ಟುಕೊಟ್ಟಿದ್ದಲ್ಲ, ನಾನೇ ಕದ್ದು ಕೂತೆ ಎಂದರಾಯಿತು. ಕಳ್ಳಿ ನಾನಾಗುತ್ತೇನೆ. ನನ್ನ ಹೆಸರು ಯಾವ ಕಲ್ಲಿನ ಮೇಲೆ ಕೆತ್ತಿದರೆ ನನಗೇನು.

ಹನ್ನೊಂದಕ್ಕೆ ಅವಳು ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕೂತಳು. ಕಂಪನಿಗೆ ಹೋಗುತ್ತಿದ್ದಾಗ ಹಾಗೆ ತಯಾರಾಗುತ್ತಿದ್ದಳು. ಮಗ ಬಚ್ಚಲ ಬಾಗಿಲಲ್ಲಿ ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದ. ಪರದೆಯ ಮೇಲೆ ಸುಟ್ಟ ಉಗ್ರಾಣದ ಮುಂದೆ ಎಂಬತ್ತೇಳು ಜನ ನಿಂತಿದ್ದರು. ಲೆಕ್ಕ ಅಲ್ಲೇ ಮೂಲೆಯಲ್ಲಿ ಬರುತ್ತಿತ್ತು. ಮೇಷ್ಟ್ರು ಏನೋ ಓದಲು ಶುರುಮಾಡಿದರು. ನಾನು ಹೋಗಿ ಅವಳ ಕಿವಿಯಿಂದ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿಕೊಂಡೆ. ಅತ್ತೆ, ಬೇಡ ಎಂದಳು. ಆ ಬೇಡ ಎಂದ ರೀತಿಗೇ ಗೊತ್ತಾಗಿಹೋಯಿತು, ಅವಳಿಗೆ ಮೊದಲ ದಿನದಿಂದಲೇ ಎಲ್ಲ ತಿಳಿದಿತ್ತು ಎಂದು. ಮನೆಯಲ್ಲಿ ಇದ್ದವಳು ನಾನೊಬ್ಬಳೇ ಅಲ್ಲವೇ.

"ನಾನು ಬೀಗದಕ್ಕನ ಅತ್ತೆ," ಎಂದೆ. "ಬಾಗಿಲು ತೆಗೆದಿದ್ದು ನಾನು. ಒಬ್ಬ ಹುಡುಗ ತೋಳ ಬರ್ತಿವೆ ಅಂದ, ತೆಗೆದೆ. ಅವಳು ಮನೇಲಿರಲಿಲ್ಲ. ಮಗುಗೆ ಹೊಲಿಗೆ ಹಾಕ್ಸೋಕೆ ಹೋಗಿದ್ಲು."

ಬೇಕರಿಯವನ ಹಿಂದಿನ ತಟ್ಟೆಗಳ ಸದ್ದು ನಿಂತಿತು. ಆಮೇಲೆ ಮೇಷ್ಟ್ರು ಕೇಳಿದರು. ಒಳ್ಳೆಯ ಮನುಷ್ಯ, ಕೇಳಲು ಅವರಿಗೂ ಕಷ್ಟವಾಗುತ್ತಿತ್ತು.

"ಅಮ್ಮ, ನಿಮ್ಮ ಸೊಸೆ ನಿಮಗೆ ಕುರ್ಚಿ ಬಿಟ್ಟುಕೊಟ್ಟಿದ್ರಾ?"

"ಇಲ್ಲ," ಎಂದೆ. "ಮುಟ್ಟಬೇಡಿ ಅಂತ ಹೇಳೇ ಹೋಗಿದ್ಲು. ನಾನೇ ಕದ್ದು ಕೂತೆ."

ಸೊಸೆ ನನ್ನ ಬಾಯಿಯ ಹತ್ತಿರ ಇದ್ದ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು. ನನ್ನ ಕೆನ್ನೆಗೆ ಅವಳ ಕೆನ್ನೆ ತಾಗುತ್ತಿತ್ತು.

"ಅತ್ತೆ ಸುಳ್ಳು ಹೇಳ್ತಿದಾರೆ ಮೇಷ್ಟ್ರೇ. ನೋಡ್ಕೊಳ್ಳಿ ಅಂತ ನಾನೇ ಹೇಳಿ ಹೋದೆ. ಬೀಗ ಹಾಕಿರಲಿಲ್ಲ. ಕೈ ತಪ್ತು ಅಂತ ನಾನು ನಿಮಗೆ ಹೇಳಿದ್ದೂ ಸುಳ್ಳೇ."

ನಾನು ಅವಳ ತೊಡೆ ಚಿವುಟಿದೆ. ಅವಳು ಲೆಕ್ಕಿಸಲಿಲ್ಲ. ಅತ್ತೆಯನ್ನು ಅವರ ಮನೆಯಲ್ಲೇ ಕಳ್ಳಿ ಮಾಡಿ ನಾನು ಉಳಿಯುವುದು ಬೇಡ ಎಂದಳು, ಅವರಿಗೋ ನನಗೋ ಗೊತ್ತಿಲ್ಲ. ನನಗೆ ಅಳು ಬಂತು. ಬಂದರೆ ಬರಲಿ ಎಂದು ಅತ್ತುಬಿಟ್ಟೆ.

ಅವರವರಲ್ಲೇ ಹತ್ತು ನಿಮಿಷ ಮಾತಾಡಿಕೊಂಡರು. ಕಲ್ಲಿನ ಮೇಲೆ ಏನೂ ಕೆತ್ತುವುದಿಲ್ಲ ಎಂದು ತೀರ್ಮಾನವಾಯಿತು. ಬೇಕರಿಯವನು, ತಪ್ಪಾಯ್ತಕ್ಕ, ನನ್ನ ನಾಲಿಗೆಗೆ ಬೆಂಕಿ ಬೀಳ ಎಂದ. ಆದರೆ ಕಾನೂನು ಕಾನೂನೇ, ಅದನ್ನು ಬರೆದವಳು ನೀನೇ ಎಂದರು ಮೇಷ್ಟ್ರು. ಅವಳು ಹೌದು ಎಂದಳು. ಹೋಗುವ ಮೊದಲು ಹೊಸದಾಗಿ ಬೀಗ ಹಿಡಿಯುವವನಿಗೆ ಎಲ್ಲ ಒಪ್ಪಿಸಿ ಹೋಗುತ್ತೇನೆ, ಸ್ವಲ್ಪ ಹೊತ್ತು ಕೊಡಿ ಎಂದು ಕೇಳಿದಳು.

ಒಂದು ಗಂಟೆ ಒಪ್ಪಿಸಿದಳು. ನೋಟ್‌ಬುಕ್ ತೆರೆಯಲಿಲ್ಲ. ಸುಟ್ಟು ಉಳಿದ ಗೋಧಿ ಎಷ್ಟು ದಿನಕ್ಕೆ, ಯಾರಿಗೆ ಮೊದಲು ಕೊಡಬೇಕು, ಕಣಿವೆ ದಾರಿಯಲ್ಲಿ ಯಾವ ತಿರುವಿನಲ್ಲಿ ಗಾಡಿ ಜಾರುತ್ತದೆ, ಯಾರು ಕೇಳದಿದ್ದರೂ ಅವರ ಮನೆಗೆ ಸೌದೆ ಕಳಿಸಬೇಕು. ಮಗ ಮುಖದ ಸೋಪು ಒಣಗುವವರೆಗೂ ಬಾಗಿಲಲ್ಲೇ ನಿಂತು ಕೇಳಿದ. ಅವಳು ಕೆಲಸ ಮಾಡುವುದನ್ನು ಅವನು ನೋಡಿದ್ದು ಅದೇ ಮೊದಲು, ಕಂಪನಿಗೆ ಅವನು ಯಾವತ್ತೂ ಹೋದವನಲ್ಲ. ಇನ್ನೇನೂ ಇಲ್ಲ ಮೇಷ್ಟ್ರೇ, ಎಲ್ಲ ಹೇಳಿದೆ ಎಂದಳು ಕೊನೆಗೆ. ಪರದೆ ಒಮ್ಮೆ ಕಪ್ಪಾಯಿತು. ಮತ್ತೆ ಬೆಳಗಿದಾಗ ಅಲ್ಲಿ ಊರೂ ಇರಲಿಲ್ಲ, ಎಂಬತ್ತೇಳು ಜನವೂ ಇರಲಿಲ್ಲ. ನಿಮಗೆ ಇಲ್ಲಿಗೆ ಪ್ರವೇಶವಿಲ್ಲ ಎಂದು ಒಂದು ಸಾಲು ಇತ್ತು.

ಅವಳು ಹೆಡ್‌ಫೋನ್ ಮಡಿಸಿಟ್ಟಳು. ಕಳ್ಳಿ ಅಂತ ಅನ್ನಿಸಿಕೊಳ್ಳೋದು ತಪ್ಪಿಸಿದಿರಲ್ಲ ಅತ್ತೆ, ಸಾಕು ಎಂದು ನನ್ನ ಕೈ ಒತ್ತಿದಳು. ಊಟಕ್ಕೆ ಬಾ ಎಂದೆ. ಬಂದೆ ಎಂದು ಎದ್ದವಳು ಅರ್ಧಕ್ಕೇ ನಿಂತುಬಿಟ್ಟಳು. ಮತ್ತೆ ಕೂತು ಏನೇನೋ ಒತ್ತಿದಳು. ಅದೇ ಸಾಲು ಬಂತು. ಇನ್ನೊಂದು ಸಲ ಒತ್ತಿದಳು. ಅದೇ ಸಾಲು.

"ದಕ್ಷಿಣದ ಬಾವಿಗೆ ಮುಚ್ಚಳ ಇಲ್ಲ ಅತ್ತೆ," ಎಂದಳು. "ಹೊಸಬರು ಕತ್ತಲಲ್ಲಿ ಆ ಕಡೇನೇ ಬರ್ತಾರೆ. ಹೇಳೋದು ಮರೆತೆ."

ಇಪ್ಪತ್ತು ದಿನ ಕಳ್ಳಿ ಅನ್ನಿಸಿಕೊಂಡು ಒಂದು ಹನಿ ಕಣ್ಣೀರು ಹಾಕದವಳು ಆಗ ಅತ್ತಳು.